ಟರ್ಬೊ ಹಾಕಿಸಿದ ಎಂಜಿನ್‌ಗೆ ಬಾಗುವ ಡಿಪ್‌ಸ್ಟಿಕ್: ಅದರ ಅಳತೆ ನಂಬಬಹುದೇ?

ಪ್ರಶ್ನೆ: ನನ್ನ ಕಾರಿನದು 2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಕಂಪನಿಯಿಂದ ಬಂದಾಗ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರಲಿಲ್ಲ, ಈಗ ಹಾಕಿಸಿದ್ದೇನೆ. ಹೊಗೆಯನ್ನು ಹೊರಗೆ ಒಯ್ಯುವ ಹೊಸ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸರಿಯಾಗಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಳಿಯುವ ಟ್ಯೂಬ್ ಇದ್ದ ಜಾಗಕ್ಕೇ ಬಂತು. ಗ್ಯಾರೇಜಿನಲ್ಲಿ ಟ್ಯೂಬನ್ನು ಕೈಯಲ್ಲೇ ಬಗ್ಗಿಸಿ ಪಕ್ಕಕ್ಕೆ ಸರಿಸಿದರು. ಅಂದಿನಿಂದ ಕಡ್ಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಅದರ ಪ್ಲಾಸ್ಟಿಕ್ ಹಿಡಿ ಶಾಖಕ್ಕೆ ಮೆತ್ತಗಾಗಿದೆ. ಜೋರಾಗಿ ಓಡಿಸಿ ಬಂದು ಬಾನೆಟ್ ತೆಗೆದಾಗ ಎರಡು ಸಲ ಕಡ್ಡಿ ಮೇಲೆದ್ದು ನಿಂತಿತ್ತು, ಸುತ್ತ ಆಯಿಲ್ ಚಿಮ್ಮಿತ್ತು. ಉಕ್ಕಿನ ಹೆಣಿಗೆಯ ಬಾಗುವ ಡಿಪ್‌ಸ್ಟಿಕ್ ಹಾಕಿಸು ಎಂದು ಒಬ್ಬರು ಹೇಳುತ್ತಾರೆ. ಅದು ಬೂಸ್ಟ್‌ಗೆ (ಟರ್ಬೊ ತುಂಬುವ ಗಾಳಿಯ ಒತ್ತಡಕ್ಕೆ) ಹಾರಿಹೋಗುತ್ತದೆ, ಬಿಸಿಗೆ ಉದ್ದವಾಗಿ ತಪ್ಪು ಅಳತೆ ತೋರಿಸುತ್ತದೆ ಎಂದು ಇನ್ನೊಬ್ಬರು. ಹಳೇ ಕಡ್ಡಿಯ ಉದ್ದಕ್ಕೇ ಕತ್ತರಿಸಿ ಹಾಕಿದರೆ ಸಾಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಲದು. ಹಳೇ ಕಡ್ಡಿಯ ಉದ್ದಕ್ಕೆ ಕತ್ತರಿಸಿ ಹಾಕಿದ ಬಾಗುವ ಕಡ್ಡಿ ನೋಡಲು ಚೆನ್ನಾಗಿರುತ್ತದೆ, ಆದರೆ ಆಯಿಲ್ ಎಷ್ಟಿದೆ ಎಂದು ಅದು ಹೇಳುವುದನ್ನು ನಂಬುವಂತಿಲ್ಲ. ಏಕೆ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕಡ್ಡಿ ಸಿಕ್ಕಿಕೊಳ್ಳುವುದು, ಹಿಡಿ ಮೆತ್ತಗಾಗುವುದು ಜಾಗ ಮತ್ತು ಶಾಖದ ತೊಂದರೆ. ಇದಕ್ಕೆ ಬಾಗುವ ಡಿಪ್‌ಸ್ಟಿಕ್ ಒಳ್ಳೆಯ ಪರಿಹಾರ. ಕಡ್ಡಿ ತಾನಾಗಿ ಮೇಲೇಳುವುದು ಕ್ರ್ಯಾಂಕ್‌ಕೇಸಿನ (ಪಿಸ್ಟನ್‌ಗಳ ಕೆಳಗೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೋಣೆಯ) ಒಳಗಿನ ಒತ್ತಡದ ತೊಂದರೆ. ಅದನ್ನು ಯಾವ ಕಡ್ಡಿಯೂ ಗುಣಪಡಿಸುವುದಿಲ್ಲ. ಹೊಸ ಕಡ್ಡಿ ಕೊಳ್ಳುವ ಮೊದಲು ಇದರಿಂದಲೇ ಶುರುಮಾಡಿ. ಆಯಿಲ್ ಚಿಮ್ಮುತ್ತಿರುವುದು ಟರ್ಬೈನ್ (ಟರ್ಬೊದಲ್ಲಿ ಹೊಗೆ ತಿರುಗಿಸುವ ಬಿಸಿ ಭಾಗ) ಪಕ್ಕದಲ್ಲಿ ಎಂಬುದನ್ನು ಮರೆಯಬೇಡಿ. ಪೂರ್ಣ ಬೂಸ್ಟ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ಟರ್ಬೈನ್‌ಗೆ ಬರುವ ಹೊಗೆಯ ಶಾಖ 900 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಅದರ ಎರಕದ ಕವಚ ಕೆಂಪಗೆ ಕಾಯುತ್ತದೆ. ಎಂಜಿನ್ ಆಯಿಲ್‌ನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಮಟ್ಟ ಸಾಮಾನ್ಯವಾಗಿ 200ರಿಂದ 230 ಡಿಗ್ರಿ. ಇದು ಸರಿಯಾಗುವ ತನಕ ಬೂಸ್ಟ್ ಏರುವಷ್ಟು ಜೋರಾಗಿ ಓಡಿಸಬೇಡಿ.

ಕಡ್ಡಿ ಏಕೆ ಮೇಲೇಳುತ್ತದೆ

ಪಿಸ್ಟನ್ ರಿಂಗ್‌ಗಳನ್ನು ದಾಟಿ ಒಂದಿಷ್ಟು ಅನಿಲ ಕೆಳಗೆ ಕ್ರ್ಯಾಂಕ್‌ಕೇಸಿಗೆ ಸೋರುವುದು ಎಲ್ಲ ಎಂಜಿನ್‌ಗಳಲ್ಲೂ ಉಂಟು. ಇದೇ ಬ್ಲೋ-ಬೈ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಗಾಳಿಯನ್ನು ಒಳಗೆ ತರುವ ಇಂಟೇಕ್ ಮ್ಯಾನಿಫೋಲ್ಡಿನ ನಿರ್ವಾತ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಅನಿಲ ಹೊರಬಿಡುವ ವಾಲ್ವ್) ಮೂಲಕ ಅದನ್ನು ಹೀರಿಕೊಳ್ಳುತ್ತದೆ. ಟರ್ಬೊ ಹಾಕಿದ ಮೇಲೆ ಮೂರು ಸಂಗತಿ ಒಟ್ಟಿಗೇ ಬದಲಾಗುತ್ತವೆ. ಸಿಲಿಂಡರ್ ಒತ್ತಡ ಏರಿ ಬ್ಲೋ-ಬೈ ಹೆಚ್ಚುತ್ತದೆ, ಟರ್ಬೊದ ಶಾಫ್ಟ್ ಸೀಲ್ ದಾಟಿದ ಅನಿಲವೂ ಅದರ ಆಯಿಲ್ ಕೆಳಗಿಳಿಸುವ ಡ್ರೈನ್ ಹೋಸ್ ಮೂಲಕ ಕ್ರ್ಯಾಂಕ್‌ಕೇಸಿಗೇ ಬರುತ್ತದೆ, ಮತ್ತು ಬೂಸ್ಟ್ ಇರುವಾಗ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತವೇ ಇರುವುದಿಲ್ಲ. ಹಳೇ ಪಿಸಿವಿ ವಾಲ್ವ್ ಹಿಮ್ಮುಖ ಹರಿವನ್ನು ತಡೆಯದಿದ್ದರೆ ಬೂಸ್ಟ್ ಗಾಳಿ ಅದರ ಮೂಲಕ ನೇರವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನ ವಾಲ್ವನ್ನೇ ಉಳಿಸಿಕೊಂಡ ಕಾರುಗಳಲ್ಲಿ ನಾನು ಮೊದಲು ಕೈಹಾಕಿ ನೋಡುವುದು ಅದನ್ನೇ.

ವಾಲ್ವನ್ನು ಬಿಚ್ಚಿ ಮ್ಯಾನಿಫೋಲ್ಡ್ ಕಡೆಯ ತುದಿಯಿಂದ ಊದಿ. ಗಾಳಿ ಸ್ವಲ್ಪವಾದರೂ ದಾಟಿದರೆ ಅದೇ ಅಪರಾಧಿ. ಬೂಸ್ಟ್ ತಡೆಯುವ ಚೆಕ್ ವಾಲ್ವನ್ನು ಅದೇ ಹೋಸಿನಲ್ಲಿ ಕೂರಿಸಿ. ವಾಲ್ವ್ ಸರಿಯಿದ್ದರೆ ಕ್ರ್ಯಾಂಕ್‌ಕೇಸಿನ ಅನಿಲ ಹೊರಹೋಗುವ ಉಸಿರಾಟದ ಹೋಸ್‌ಗಳನ್ನು ನೋಡಿ. ಈ ಗಾತ್ರದ ಎಂಜಿನ್‌ಗೆ ವಾಲ್ವ್ ಕವರಿನಿಂದ ಕ್ಯಾಚ್ ಕ್ಯಾನ್‌ಗೆ (ಆ ಅನಿಲದಲ್ಲಿನ ಆಯಿಲ್ ಹಿಡಿದಿಡುವ ಡಬ್ಬಿಗೆ) ಹೋಗುವ ಹೋಸಿನ ಒಳವ್ಯಾಸ ಕನಿಷ್ಠ 16 ಮಿ.ಮೀ. ಇರಲಿ, ಎರಡು ಹೋಸ್ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಕಡಿಮೆ ಒತ್ತಡ ಅಳೆಯುವ ಗೇಜನ್ನು ಡಿಪ್‌ಸ್ಟಿಕ್ ಟ್ಯೂಬಿನ ಬಾಯಿಗೆ ಹೋಸ್ ಮೂಲಕ ಜೋಡಿಸಿ, ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಪರೀಕ್ಷಿಸುವ ಯಂತ್ರ) ಮೇಲೆ ಪೂರ್ಣ ಬೂಸ್ಟ್‌ನಲ್ಲಿ ಓದಿ. 2–3 ಕಿಲೋಪ್ಯಾಸ್ಕಲ್ ಒಳಗಿದ್ದರೆ ಚಿಂತೆಯಿಲ್ಲ. 7 ದಾಟಿದರೆ ಕಾರಣ ಹುಡುಕಲೇಬೇಕು. ಉಸಿರಾಟ ಸರಿಯಿದ್ದೂ ಒತ್ತಡ ಹೆಚ್ಚಿದ್ದರೆ ಲೀಕ್-ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಮಾಡಿಸಿ. ಒಂದು ಸಿಲಿಂಡರಿನಲ್ಲಿ ಸೋರಿಕೆ 20 ಶೇಕಡಾ ಮೀರಿ, ಆಯಿಲ್ ಸುರಿಯುವ ಬಾಯಿಯಲ್ಲಿ ಸುಯ್ಯೆಂಬ ಸದ್ದು ಕೇಳಿದರೆ ರಿಂಗ್ ಹೋಗಿದೆ ಎಂದರ್ಥ. ಆಗ ಡಿಪ್‌ಸ್ಟಿಕ್ ಮಾತು ಬಿಟ್ಟು ಎಂಜಿನ್ ಬಿಚ್ಚುವ ಮಾತಾಡಬೇಕು.

ಬಾಗುವ ಕಡ್ಡಿ ಬೂಸ್ಟ್‌ಗೆ ಹಾರುತ್ತದೆ ಎಂಬ ಮಾತಿನ ಹಿಂದಿರುವುದು ಇಷ್ಟೇ. 10 ಮಿ.ಮೀ. ಒಳವ್ಯಾಸದ ಟ್ಯೂಬಿನಲ್ಲಿ 10 ಕಿಲೋಪ್ಯಾಸ್ಕಲ್ ಒತ್ತಡ ಕಡ್ಡಿಯನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 80 ಗ್ರಾಂ ತೂಕದಷ್ಟು. ಅಷ್ಟು ಸಣ್ಣ ಬಲ, ಸವೆದ ಓ-ರಿಂಗ್, ಜೊತೆಗೆ ಎಂಜಿನ್ ಕಂಪನ ಸೇರಿದರೆ ಕಂಪನಿಯ ಗಟ್ಟಿ ಕಡ್ಡಿಯೂ ಮೇಲೇಳುತ್ತದೆ. ನಿಮ್ಮದು ಎದ್ದದ್ದು ಹಾಗೆಯೇ. ಲಾಕ್ ಆಗುವ ಹಿಡಿಯಿರುವ ಬಾಗುವ ಡಿಪ್‌ಸ್ಟಿಕ್ ಈ ವಿಷಯದಲ್ಲಿ ಹಳೆಯದಕ್ಕಿಂತ ಮೇಲು. ಆದರೆ ಒಳಗಿನ ಒತ್ತಡ ಹಾಗೇ ಇದ್ದು ಕಡ್ಡಿಯನ್ನು ಮಾತ್ರ ಬಿಗಿದರೆ, ಆ ಒತ್ತಡ ಕ್ರ್ಯಾಂಕ್‌ಶಾಫ್ಟಿನ ಮುಂದಿನ, ಹಿಂದಿನ ಸೀಲ್‌ಗಳ ಮೇಲೆ ಹೋಗುತ್ತದೆ, ಟರ್ಬೊದ ಆಯಿಲ್ ಕೆಳಗಿಳಿಯದಂತೆಯೂ ಮಾಡುತ್ತದೆ. ಹಿಂದಿನ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

ಉದ್ದ ಒಂದೇ ಇದ್ದರೂ ಅಳತೆ ಏಕೆ ತಪ್ಪುತ್ತದೆ

ಬಿಸಿಗೆ ಕಡ್ಡಿ ಉದ್ದವಾಗುತ್ತದೆ ಎಂಬ ಹೆದರಿಕೆಯನ್ನು ಬಿಟ್ಟುಬಿಡಿ. 600 ಮಿ.ಮೀ. ಉದ್ದದ ಉಕ್ಕಿನ ಕಡ್ಡಿ 80 ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು 1 ಮಿ.ಮೀ.ಗೂ ಕಡಿಮೆ, ಟ್ಯೂಬ್ ಕೂಡ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ಬಿಸಿಗೆ ನಿಜಕ್ಕೂ ಹಿಗ್ಗುವುದು ಆಯಿಲ್. ಪ್ರತಿ ಡಿಗ್ರಿಗೆ ಸುಮಾರು 0.07 ಶೇಕಡಾ. 20 ಡಿಗ್ರಿಯಲ್ಲಿ 4.5 ಲೀಟರ್ ಇದ್ದದ್ದು 90 ಡಿಗ್ರಿಗೆ ಬಂದಾಗ 220 ಮಿ.ಲೀ.ನಷ್ಟು ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಗೆರೆ ಹಾಕಿದ್ದು ಬಿಸಿಯಲ್ಲಾದರೆ ಮುಂದೆಯೂ ಬಿಸಿಯಲ್ಲೇ ನೋಡಬೇಕು, ತಣ್ಣಗಿರುವಾಗಲಾದರೆ ತಣ್ಣಗಿರುವಾಗಲೇ.

ಬಾಗುವ ಕಡ್ಡಿಯ ನಿಜವಾದ ದೋಷ ತಿರುವಿನಲ್ಲಿದೆ. ಟ್ಯೂಬಿನ ಒಳವ್ಯಾಸ 8 ಮಿ.ಮೀ., ಕೇಬಲ್ ದಪ್ಪ 3 ಮಿ.ಮೀ. ಎಂದಿಟ್ಟುಕೊಳ್ಳಿ. ಸ್ಪ್ರಿಂಗ್ ಗುಣದ ಕೇಬಲ್ ನೆಟ್ಟಗಾಗಲು ನೋಡುವುದರಿಂದ ತಿರುವಿನಲ್ಲಿ ಹೊರಗೋಡೆಗೆ ಒರಗುತ್ತದೆ, ಅಂದರೆ ನಡುಗೆರೆಗಿಂತ 2.5 ಮಿ.ಮೀ. ಹೊರಗಿನ ಹಾದಿ ಹಿಡಿಯುತ್ತದೆ. 90 ಡಿಗ್ರಿ ತಿರುವೊಂದರಲ್ಲಿ ಆ ಹಾದಿ ಹತ್ತಿರ ಹತ್ತಿರ 4 ಮಿ.ಮೀ. ಉದ್ದ. ಅಷ್ಟರಮಟ್ಟಿಗೆ ಕಡ್ಡಿಯ ತುದಿ ಮೇಲೆ ನಿಲ್ಲುತ್ತದೆ, ಆಯಿಲ್ ಅಷ್ಟು ಕಡಿಮೆ ಇದ್ದಂತೆ ಕಾಣುತ್ತದೆ. ಬಹುತೇಕ ಕಾರುಗಳಲ್ಲಿ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಇರುವ ವ್ಯತ್ಯಾಸ ಸುಮಾರು 1 ಲೀಟರ್. ಗೆರೆಗಳ ನಡುವೆ 20 ಮಿ.ಮೀ. ಇದ್ದರೆ 4 ಮಿ.ಮೀ. ಎಂದರೆ 200 ಮಿ.ಲೀ. ತಿರುವು ಎರಡಾದರೆ 400. ಟೇಬಲ್ ಮೇಲೆ ಎರಡೂ ಕಡ್ಡಿಗಳನ್ನು ನೆಟ್ಟಗೆ ಚಾಚಿ ಅಳೆದಾಗ ಇದು ಕಾಣುವುದೇ ಇಲ್ಲ.

ತಪ್ಪು ಯಾವ ಕಡೆಗಾದರೂ ಟರ್ಬೊ ಎಂಜಿನ್ ಅದಕ್ಕೆ ಬೆಲೆ ತೆರುತ್ತದೆ. ಹೆಚ್ಚು ತುಂಬಿದರೆ ಟರ್ಬೊ ಡ್ರೈನ್ ಬಾಯಿ ಆಯಿಲ್‌ನಲ್ಲಿ ಮುಳುಗಿ, ಆಯಿಲ್ ಟರ್ಬೊದಲ್ಲೇ ನಿಂತು ಸೀಲ್ ದಾಟಿ ನೀಲಿ ಹೊಗೆಯಾಗುತ್ತದೆ. ಟರ್ಬೊ ಹೋಯಿತು ಎಂದು ಬದಲಿಸಿದ ಮೇಲೂ ಹೊಗೆ ನಿಲ್ಲದ ಎಷ್ಟೋ ಪ್ರಸಂಗಗಳ ಮೂಲ ಇದೇ. ಇನ್ನೂ ಏರಿದರೆ ಕ್ರ್ಯಾಂಕ್ ತೂಕಗಳು (ಕ್ರ್ಯಾಂಕ್‌ಶಾಫ್ಟಿನ ಸಮತೋಲನದ ತೂಕಗಳು) ಆಯಿಲನ್ನು ಕಡೆದು ನೊರೆ ಮಾಡುತ್ತವೆ. ಕಡಿಮೆಯಾದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಆಯಿಲ್ ಒಂದು ಬದಿಗೆ ಸರಿದು ಪಂಪಿನ ಹೀರುಬಾಯಿ ಗಾಳಿ ಹೀರುತ್ತದೆ. ಒಂದೆರಡು ಕ್ಷಣ ಒತ್ತಡ ಬಿದ್ದರೂ ಬೂಸ್ಟ್‌ನಲ್ಲಿರುವ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಶಾಫ್ಟಿಗೆ ಸೇರುವಲ್ಲಿನದು) ಸುಡಲು ಅಷ್ಟು ಸಾಕು.

ನಿಮ್ಮ ಮುಂದಿರುವ ದಾರಿಗಳು

ಜಾಗ ಇದ್ದರೆ ಉಕ್ಕಿನ ಗಟ್ಟಿ ಟ್ಯೂಬನ್ನೇ ಹೊಸದಾಗಿ ಬಗ್ಗಿಸಿ ಹಾಕುವುದು ಈಗಲೂ ಒಳ್ಳೆಯ ದಾರಿ. ಕೈಯಲ್ಲಿ ಬಗ್ಗಿಸಬಾರದು, ಟ್ಯೂಬ್ ಬೆಂಡರ್‌ನಲ್ಲಿ ಬಗ್ಗಿಸಬೇಕು. ಕೈಯಲ್ಲಿ ಬಗ್ಗಿಸಿದಾಗ ಟ್ಯೂಬ್ ತಿರುವಿನಲ್ಲಿ ಚಪ್ಪಟೆಯಾಗುತ್ತದೆ, ನಿಮ್ಮ ಕಡ್ಡಿ ಸಿಕ್ಕಿಕೊಳ್ಳುತ್ತಿರುವುದು ಅಲ್ಲೇ. ಮ್ಯಾನಿಫೋಲ್ಡ್ ಅದಕ್ಕೂ ಎಡೆ ಕೊಡದಿದ್ದರೆ ಪೂರ್ತಿ ಬಾಗುವ ಕಿಟ್, ಇಲ್ಲವೇ ಬ್ಲಾಕಿನ ಹತ್ತಿರ ಒಂದು ಗೇಣು ಗಟ್ಟಿ ಟ್ಯೂಬ್ ಉಳಿಸಿಕೊಂಡು ಮೇಲ್ಭಾಗ ಮಾತ್ರ ಬಾಗುವುದು. ನನ್ನ ಆಯ್ಕೆ ಕೊನೆಯದು. ಬ್ಲಾಕಿನ ಬಾಯಿಯ ಬಳಿ ಕಡ್ಡಿಗೆ ದಿಕ್ಕು ತೋರುವುದು ಗಟ್ಟಿ ಟ್ಯೂಬು. ತುದಿ ಅತ್ತಿತ್ತ ಅಲೆಯುವುದಿಲ್ಲ, ಟರ್ಬೈನ್‌ಗೆ ಹತ್ತಿರದ ಭಾಗದಲ್ಲಿ ಕರಗುವಂಥದ್ದೂ ಏನೂ ಇರುವುದಿಲ್ಲ. ಎಂಜಿನ್ ತಳದ ಆಯಿಲ್ ಪ್ಯಾನ್ ಪಕ್ಕಕ್ಕೆ ಹೊಸ ಬಾಸ್ (ಟ್ಯೂಬ್ ಕೂರುವ ಲೋಹದ ಬಾಯಿ) ವೆಲ್ಡ್ ಮಾಡಿಸಿ ಅಲ್ಲಿಂದ ಟ್ಯೂಬ್ ತರುವುದೂ ಉಂಟು. ಪ್ಯಾನ್ ಹೇಗೂ ಇಳಿಸಿದ್ದರೆ ಮಾತ್ರ ಅದನ್ನು ಯೋಚಿಸಿ. ಯಾರಾದರೂ ಹಳೇ ಡಿಪ್‌ಸ್ಟಿಕ್ ರಂಧ್ರಕ್ಕೇ ಟರ್ಬೊ ಡ್ರೈನ್ ಕೊಡೋಣ ಎಂದರೆ ಒಪ್ಪಬೇಡಿ. ಡ್ರೈನ್‌ಗೆ 16 ಮಿ.ಮೀ. ಒಳವ್ಯಾಸ ಬೇಕು, ಆ ರಂಧ್ರ ಅಷ್ಟು ಅಗಲ ಇರುವುದಿಲ್ಲ.

ಕಿಟ್ ಕೊಳ್ಳುವಾಗ ನಿಮ್ಮ ಎಂಜಿನ್ ಕುಟುಂಬಕ್ಕೇ ಮಾಡಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ಬ್ಲಾಕಿನ ರಂಧ್ರವನ್ನು ವರ್ನಿಯರ್‌ನಲ್ಲಿ 0.1 ಮಿ.ಮೀ. ನಿಖರತೆಗೆ ಅಳೆಯಿರಿ, ಟ್ಯೂಬ್ ಕೂರುವ ಬಗೆ ಯಾವುದೆಂದು ನೋಡಿ. ಬಡಿದು ಬಿಗಿಸಿದ್ದೋ, ಓ-ರಿಂಗ್ ಮತ್ತು ಬ್ರಾಕೆಟ್ ಇರುವುದೋ, ಥ್ರೆಡ್ ಇರುವುದೋ. ಹೊರಗೆ ಸ್ಟೇನ್‌ಲೆಸ್ ಹೆಣಿಗೆ ಎಲ್ಲದರಲ್ಲೂ ಇರುತ್ತದೆ, ನೋಡಬೇಕಾದದ್ದು ಒಳಪದರ. ಟೆಫ್ಲಾನ್ ಆದರೆ 260 ಡಿಗ್ರಿವರೆಗೆ ತಾಳುತ್ತದೆ. ರಬ್ಬರ್ ಆದರೆ ಟರ್ಬೊ ಪಕ್ಕದಲ್ಲಿ ಬೇಡ. ಓ-ರಿಂಗ್‌ಗಳು ಕಪ್ಪು ನೈಟ್ರೈಲ್ ಆಗಿದ್ದರೆ ಹಾಕುವ ಮೊದಲೇ ವೈಟಾನ್ ರಿಂಗ್‌ಗಳಿಗೆ ಬದಲಿಸಿ. ನೈಟ್ರೈಲ್ 100–120 ಡಿಗ್ರಿಯಲ್ಲಿ ಕಾಲಕ್ರಮೇಣ ಕಲ್ಲಾಗುತ್ತದೆ, ವೈಟಾನ್ 200ರವರೆಗೆ ಬರುತ್ತದೆ. ಹಿಡಿ ಲೋಹದ್ದಿರಲಿ, ಲಾಕ್ ಇರಲಿ.

ಕೂರಿಸುವುದು

ಹಳೇ ಟ್ಯೂಬ್ ಕೀಳುವ ಮೊದಲು ಒಂದು ಕೆಲಸ ಇದೆ. ಬಗ್ಗಿಸುವ ಮುಂಚೆಯೇ ಮಾಡಬೇಕಿತ್ತು, ಈಗ ಅದೇ ಮಾದರಿಯ ಕೆಡದ ಟ್ಯೂಬ್ ಮತ್ತು ಕಡ್ಡಿ ಎಲ್ಲಿಂದಾದರೂ ಎರವಲು ತಂದರೂ ಆಗುತ್ತದೆ. ಕಡ್ಡಿಯನ್ನು ಟ್ಯೂಬಿನಲ್ಲಿ ಪೂರ್ತಿ ಕೂರಿಸಿ, ಬ್ಲಾಕಿಗೆ ಟ್ಯೂಬ್ ತಾಗುವ ಮುಖದಿಂದ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ದೂರವನ್ನು ಮಿ.ಮೀ.ನಲ್ಲಿ ಬರೆದುಕೊಳ್ಳಿ. ಬ್ಲಾಕಿನೊಳಗೆ ಟ್ಯೂಬ್ ಎಷ್ಟು ಇಳಿದಿತ್ತು ಎಂಬುದನ್ನೂ ಬರೆದುಕೊಳ್ಳಿ.

ರಂಧ್ರದ ಸುತ್ತ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಮರಳು, ತುಕ್ಕು ಒಳಗೆ ಬೀಳದಂತೆ ಬಟ್ಟೆ ತುರುಕಿ ಟ್ಯೂಬ್ ಕೀಳಿ. ಹೊಸ ತುದಿಯನ್ನು ಹಳೆಯದು ಇಳಿದಿದ್ದ ಆಳಕ್ಕೇ ಇಳಿಸಿ. ಬಡಿದು ಕೂರಿಸುವ ಬಗೆಯಾದರೆ ಬ್ರೇಡಿನ (ಉಕ್ಕಿನ ಹೆಣಿಗೆಯ) ತಲೆಗೆ ಸುತ್ತಿಗೆ ತಾಗಿಸದೆ, ಉಕ್ಕಿನ ಕತ್ತಿನ ಮೇಲೆ ಸರಿಹೊಂದುವ ಪೈಪ್ ತುಂಡಿಟ್ಟು ಬಡಿಯಿರಿ. ಬೇರಿಂಗ್ ಕೂರಿಸಲು ಬಳಸುವ ರಿಟೇನಿಂಗ್ ಕಾಂಪೌಂಡ್ ಒಂದು ಸುತ್ತು ಹಚ್ಚಿ 24 ಗಂಟೆ ಬಿಡಿ. ಸಿಲಿಕೋನ್ ಹಚ್ಚಬೇಡಿ. ಒಳಗೆ ಉದುರಿದ ಸಿಲಿಕೋನ್ ಚೂರು ಹೋಗಿ ಕೂರುವುದು ಪಂಪಿನ ಜಾಲರಿಯ ಮೇಲೆ.

ದಾರಿ ಹಾಕುವಾಗ ಬ್ಲಾಕಿನಿಂದ ಹಿಡಿಯವರೆಗೆ ಟ್ಯೂಬ್ ಎಲ್ಲೂ ತಗ್ಗದೆ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಆಯಿಲ್ ಅಲ್ಲೇ ನಿಂತು ಪ್ರತಿ ಸಲ ಕಡ್ಡಿಗೆ ಬಳಿಯುತ್ತದೆ. ತಿರುವಿನ ತ್ರಿಜ್ಯ 75 ಮಿ.ಮೀ.ಗಿಂತ ಕಿರಿದಾಗಬಾರದು, 100 ಇದ್ದರೆ ಕಡ್ಡಿ ಸರಾಗವಾಗಿ ಜಾರುತ್ತದೆ. ಟರ್ಬೈನ್ ಕವಚದಿಂದ 100 ಮಿ.ಮೀ. ದೂರ ಇಡಿ. ಆಗದಿದ್ದರೆ ನಡುವೆ ಲೋಹದ ಶಾಖತಡೆ ಹಾಕಿ 50 ಮಿ.ಮೀ., ಜೊತೆಗೆ ಸಿಲಿಕೋನ್ ಲೇಪದ ಗ್ಲಾಸ್ ಫೈಬರ್ ತೋಳು. ಹಿಡಿಯ ತುದಿ ಹಳೆಯದು ಇದ್ದ ಎತ್ತರಕ್ಕಿಂತ ಕೆಳಗೆ ಬರಬಾರದು. 150–200 ಮಿ.ಮೀ.ಗೊಂದು ರಬ್ಬರ್ ಒಳಪದರದ ಪಿ-ಕ್ಲಿಪ್ (ಟ್ಯೂಬ್ ಹಿಡಿದಿಡುವ ಪಟ್ಟಿ) ಹಾಕಿ, ಟರ್ಬೈನ್ ಕಡೆ ಬರುವ ಕ್ಲಿಪ್‌ಗಳಿಗೆ ಸಿಲಿಕೋನ್ ಒಳಪದರ. ಕ್ಲಿಪ್ ಇಲ್ಲದೆ ನೇತಾಡುವ ಟ್ಯೂಬ್ ಬ್ಲಾಕಿನ ಕತ್ತಿನಲ್ಲಿ ಅಲುಗಿ ಅಲುಗಿ ಸಡಿಲವಾಗುತ್ತದೆ. ಸ್ಟೇನ್‌ಲೆಸ್ ಹೆಣಿಗೆ ಅರದಂತೆ ಕೆಲಸ ಮಾಡುವುದರಿಂದ ವೈರು, ಅಲ್ಯೂಮಿನಿಯಂ ಪೈಪು, ಇಂಧನದ ಹೋಸು ಯಾವುದಕ್ಕೂ ತಾಗದಿರಲಿ. ಹಿಡಿಯನ್ನು ಎಂಜಿನ್‌ನಲ್ಲೇ, ಹೆಡ್‌ನ ಹಿಂದಿನ ಬೋಲ್ಟಿಗೆ ಬ್ರಾಕೆಟ್ ಮಾಡಿ ನಿಲ್ಲಿಸುವುದು ಮೇಲು. ಫೈರ್‌ವಾಲ್‌ಗೇ ನಿಲ್ಲಿಸಬೇಕಾದರೆ ಎಂಜಿನ್ ಮೌಂಟ್‌ಗಳ ಮೇಲೆ ತೂಗುವುದಕ್ಕೆ 30–40 ಮಿ.ಮೀ. ಸಡಿಲ ಬಿಡಿ.

ಟ್ಯೂಬ್ ಕತ್ತರಿಸುವುದಿದ್ದರೆ ಮೊದಲು ಟ್ಯೂಬ್, ಅದು ಕೊನೆಯ ದಾರಿಯಲ್ಲಿ ನಿಂತ ಮೇಲಷ್ಟೇ ಕೇಬಲ್. ಬ್ರೇಡಿಗೆ ಟೇಪ್ ಬಿಗಿಯಾಗಿ ಸುತ್ತಿ ಟೇಪಿನ ಮೇಲೆಯೇ ಕಟಿಂಗ್ ವೀಲ್ ಓಡಿಸಿ, ಆ ತುಂಡು ಎಂಜಿನ್‌ನಿಂದ ಬಿಚ್ಚಿರುವಾಗಲೇ ಕತ್ತರಿಸಿ. ಒಳಗಿನ ಉಕ್ಕಿನ ಪುಡಿ ಹೋಗುವಂತೆ ಗಾಳಿ ಊದಿ, ಬಟ್ಟೆ ಎಳೆದು ತೆಗೆಯಿರಿ. ಕೇಬಲನ್ನು ಯಾವಾಗಲೂ ಹಿಡಿಯ ಕಡೆಯಿಂದ ಕತ್ತರಿಸಿ, ಗೆರೆ ಇರುವ ತುದಿಯ ಕಡೆಯಿಂದ ಬೇಡ. ಹಿಡಿಗೆ ಕೇಬಲ್ ಬಿಗಿಯುವ ಸಣ್ಣ ಸ್ಕ್ರೂಗೆ ಥ್ರೆಡ್ ಲಾಕರ್ ಹಚ್ಚಿ, 10 ಕೆ.ಜಿ. ತೂಕ ನೇತುಹಾಕಿ ಎಳೆದು ನೋಡಿ. ಅದು ಕಳಚಿದರೆ ಇಡೀ ಕಡ್ಡಿ ಒಳಗೆ ಜಾರುತ್ತದೆ.

ಎಂಜಿನ್ ಶುರುಮಾಡುವ ಮೊದಲು ತಪ್ಪಿಸಬಾರದ ಪರೀಕ್ಷೆ ಇನ್ನೊಂದಿದೆ. ಕಡ್ಡಿಯ ತುದಿಗೆ ದಟ್ಟವಾಗಿ ಬಣ್ಣದ ಗ್ರೀಸ್ ಹಚ್ಚಿ ಪೂರ್ತಿ ಕೂರಿಸಿ ಲಾಕ್ ಮಾಡಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ. ಎಲ್ಲಾದರೂ ತಡೆ ಸಿಕ್ಕರೆ ನಿಲ್ಲಿಸಿ. ಹೊರತೆಗೆದು ನೋಡಿದಾಗ ಗ್ರೀಸ್ ಒಂದು ಬದಿಯಲ್ಲಿ ಕೆರೆದಿದ್ದರೆ ಕಡ್ಡಿ ಕ್ರ್ಯಾಂಕ್ ತೂಕಕ್ಕೋ ಕನೆಕ್ಟಿಂಗ್ ರಾಡಿನ ತಲೆಗೋ ತಾಗುತ್ತಿದೆ. ಟ್ಯೂಬ್ ಗೋಡೆಗೆ ಉಜ್ಜಿದ ಗುರುತು ಎರಡೂ ಬದಿ ತೆಳುವಾಗಿ, ಉದ್ದಕ್ಕೆ ಇರುತ್ತದೆ. ಹೊಡೆತದ ಗುರುತು ಒಂದೇ ಕಡೆ, ಅಡ್ಡಕ್ಕೆ. ಅನುಮಾನವಿದ್ದರೆ ಬೋರೋಸ್ಕೋಪ್ ಇಳಿಸಿ ನೋಡಿ.

ಗೆರೆ ಹಾಕುವುದು

ಟ್ಯೂಬಿನ ಎಲ್ಲ ಕ್ಲಿಪ್ ಬಿಗಿದ ಮೇಲೆಯೇ ಈ ಕೆಲಸ. ಕಾರು ಸಮತಟ್ಟಾದ ನೆಲದಲ್ಲಿರಲಿ. ಆಯಿಲ್ ಬಿಸಿಯಿರುವಾಗ ಪೂರ್ತಿ ಇಳಿಸಿ, ಫಿಲ್ಟರ್ ಹೊಸದು ಹಾಕಿ. ನಿಮ್ಮ ಎಂಜಿನ್ ಪುಸ್ತಕ ಫಿಲ್ಟರ್ ಸೇರಿ 4.5 ಲೀಟರ್ ಎನ್ನುತ್ತದೆ ಮತ್ತು ಗೆರೆಗಳ ನಡುವಿನದು 1 ಲೀಟರ್ ಎಂದಿಟ್ಟುಕೊಂಡರೆ ಮೊದಲು 3.5 ಲೀಟರ್ ಮಾತ್ರ ಅಳೆದು ಸುರಿಯಿರಿ. ಎಂಜಿನನ್ನು 2–3 ನಿಮಿಷ ಐಡಲ್‌ನಲ್ಲಿ ಓಡಿಸಿ, ಒತ್ತಡದ ದೀಪ ಆರಿದೆಯೇ ನೋಡುತ್ತಿರಿ. ಹೊಸದಾಗಿ ಆಯಿಲ್ ಕೂಲರ್ ಹಾಕಿಸಿದ್ದರೆ ಅದಕ್ಕೂ ಅದರ ಹೋಸ್‌ಗಳಿಗೂ ಹಿಡಿಯುವಷ್ಟನ್ನು ಬೇರೆಯಾಗಿ ಸೇರಿಸಬೇಕು. ಖಾಲಿ ಕೂಲರ್‌ಗೆ ಬಾಟಲಿಯಿಂದ ಸುರಿದು ಅಳೆದರೆ ಲೆಕ್ಕ ಸಿಗುತ್ತದೆ. ಎಂಜಿನ್ ನಿಲ್ಲಿಸಿ 10 ನಿಮಿಷ ಬಿಡಿ. ಕಡ್ಡಿ ಒರೆಸಿ, ಕೂರಿಸಿ ಲಾಕ್ ಮಾಡಿ, ತೆಗೆದು ನೋಡಿ. ಮೊದಲ ಸಲದ್ದನ್ನು ನಂಬಬೇಡಿ, ಟ್ಯೂಬಿನ ಗೋಡೆಯ ಆಯಿಲ್ ಹತ್ತಿರುತ್ತದೆ. ಎರಡನೆಯದನ್ನು, ಮೂರನೆಯದನ್ನು ನೋಡಿ. ಕಡ್ಡಿಯ ಎರಡು ಮುಖಗಳಲ್ಲಿ ಮಟ್ಟ ಬೇರೆ ಬೇರೆ ಕಂಡರೆ ಕೆಳಗಿನದೇ ಸರಿ. ಅಲ್ಲಿ ಕೆಳಗಿನ ಗೆರೆ. ಇನ್ನು 1 ಲೀಟರ್ ಸುರಿದು 10 ನಿಮಿಷ ಬಿಟ್ಟು ಮೇಲಿನ ಗೆರೆ. ಗೆರೆಯನ್ನು ಚಪ್ಪಟೆ ತುದಿಯ ಮೇಲೆ ಅರದಿಂದ ತೆಳುವಾಗಿ ಕೆರೆಯಿರಿ. ಆಳವಾಗಿ ಕೊರೆದರೆ ಕಡ್ಡಿ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ.

ಈಗ ಮೊದಲು ಬರೆದಿಟ್ಟುಕೊಂಡ ಮಿ.ಮೀ. ಲೆಕ್ಕಕ್ಕೆ ಇದನ್ನು ಹೋಲಿಸಿ. ನೆಟ್ಟಗೆ ಚಾಚಿ ಅಳೆದಾಗ ಹೊಸ ಗೆರೆಗಳು ಹಳೆಯ ಗೆರೆಗಳಿಗಿಂತ ತುದಿಗೆ ಹತ್ತಿರ ಬಂದಿರುತ್ತವೆ, ತಿರುವಿನ ಪ್ರಭಾವ ಅದು. ವ್ಯತ್ಯಾಸ 10 ಮಿ.ಮೀ. ದಾಟಿದರೆ ಎಲ್ಲೋ ತಪ್ಪಾಗಿದೆ. ಆಯಿಲ್ ಪ್ಯಾನ್ ಬದಲಿಸಿದ್ದರೆ, ರೆಕ್ಕೆ ಸೇರಿಸಿ ಅಗಲಿಸಿದ್ದರೆ ಪುಸ್ತಕದ ಲೀಟರ್ ಲೆಕ್ಕವೇ ಕೆಲಸಕ್ಕೆ ಬಾರದು. ಆಗ ಡ್ರೈನ್ ಪ್ಲಗ್ ರಂಧ್ರಕ್ಕೆ ನಿಪ್ಪಲ್ ಹಾಕಿ, ಪಾರದರ್ಶಕ ಹೋಸ್ ಜೋಡಿಸಿ ಎಂಜಿನ್ ಪಕ್ಕಕ್ಕೆ ನೆಟ್ಟಗೆ ಎತ್ತಿ ಕಟ್ಟಿ. ಎಂಜಿನ್ ನಿಂತಿರಬೇಕು, ಆಯಿಲ್ ತಣ್ಣಗಿರಬೇಕು, ಆಯಿಲ್ ಸುರಿಯುವ ಮುಚ್ಚಳ ತೆರೆದಿರಬೇಕು. ಪ್ಯಾನಿನ ಒಳಗಿರುವ ಮಟ್ಟವೇ ಹೋಸಿನಲ್ಲಿ ಕಾಣುತ್ತದೆ. ಬ್ಲಾಕಿಗೂ ಪ್ಯಾನಿಗೂ ನಡುವಿನ ಗ್ಯಾಸ್ಕೆಟ್ ಅಂಚಿನಿಂದ ಅದು ಎಷ್ಟು ಕೆಳಗಿದೆ ಅಳೆಯಿರಿ. ಹಳೇ ಪ್ಯಾನಿನಲ್ಲಿ ಮೇಲಿನ ಗೆರೆಯ ಮಟ್ಟ ಆ ಅಂಚಿನಿಂದ ಎಷ್ಟು ಕೆಳಗಿತ್ತೋ ಹೊಸದರಲ್ಲೂ ಅಷ್ಟೇ ಕೆಳಗಿರಲಿ, ಜೊತೆಗೆ ಟರ್ಬೊ ಡ್ರೈನ್ ಬಾಯಿ ಅದಕ್ಕಿಂತ ಮೇಲಿರಲಿ. ಹೀಗೆ ಹಾಕಿದ ಗೆರೆ ತಣ್ಣಗಿನ ಗೆರೆ ಎಂದು ಹಿಡಿಯ ಮೇಲೆ ಗುರುತು ಮಾಡಿಡಿ.

ಮೊದಲ 50 ಕಿ.ಮೀ. ಓಡಿದ ಮೇಲೆ ಬ್ಲಾಕಿನ ಕತ್ತಿನ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ಒದ್ದೆ ಇದೆಯೇ ನೋಡಿ, ಲಾಕ್ ತಾನಾಗಿ ಸಡಿಲಿಸಿದೆಯೇ ನೋಡಿ. 500 ಕಿ.ಮೀ.ಗೆ ಕ್ಲಿಪ್‌ಗಳು, ತೋಳಿನ ಬಣ್ಣ, ಹೆಣಿಗೆ ಯಾವುದನ್ನಾದರೂ ತಿಂದಿದೆಯೇ ಎಂಬುದು. ಟ್ಯೂಬಿನ ದಾರಿಯನ್ನು ಯಾವ ಕಾರಣಕ್ಕಾದರೂ ಬದಲಿಸಿದರೆ, ಒಂದೇ ಕ್ಲಿಪ್ ಸರಿಸಿದರೂ, ಗೆರೆಯನ್ನು ಮತ್ತೆ ತಾಳೆ ನೋಡಬೇಕು. ಇಡೀ ಕೆಲಸವನ್ನು ಮುಂದಿನ ಆಯಿಲ್ ಬದಲಾವಣೆಗೆ ಹೊಂದಿಸಿಕೊಂಡರೆ ಆಯಿಲ್ ಒಂದೇ ಸಲ ಇಳಿಸಿದರಾಯಿತು. ಪಿಸಿವಿ ವಾಲ್ವ್ ಪರೀಕ್ಷೆಯನ್ನು ಮಾತ್ರ ಅಲ್ಲಿಯವರೆಗೆ ಮುಂದೂಡದೆ ಈ ವಾರವೇ ಮಾಡಿಸಿ.